ಹನ್ನೆರಡು ಸೆಕೆಂಡಿನ ಪಾಪ

ನಂಬುವವರು ನಂಬಿ, ನಂಬದವರು ಸುಮ್ಮನೆ ಕಿವಿಗೊಟ್ಟರೂ ಸಾಕು: ಇದು ನಡೆದದ್ದೇ. ಹೇಳುವ ಬಾಯಿ ಒಂದಿಷ್ಟು ಒಗ್ಗರಣೆ ಹಾಕಿರಬಹುದು, ಆದರೆ ಒಳಗಿನ ಹೊಟ್ಟೆಕಿಚ್ಚು ಮಾತ್ರ ಅಪ್ಪಟ, ಕಲಬೆರಕೆಯಿಲ್ಲದ್ದು.

ಆ ಸೋಮವಾರ ಬೆಳಗ್ಗೆ ಅವನು ಎಡಿಟಿಂಗ್ ಕೋಣೆಯ ಬಾಗಿಲು ತಳ್ಳಿದಾಗ ಅವಳು ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಪರದೆಗೆ ಮೂಗು ತಾಗಿಸಿಕೊಂಡು ಕುಳಿತಿದ್ದಳು. ಪರದೆಯ ತುಂಬ ಹೀರೋನ ಎರಡು ಕಣ್ಣು.

“ಶ್... ಸದ್ದು ಮಾಡ್ಬೇಡಿ,” ಎಂದಳು, ತಿರುಗದೆ.

ಸದ್ದು ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಹೇಳುವ ಮಾತೇ ಇದು? ಸಿನಿಮಾದಲ್ಲಿ ನಾವು ಕೇಳುವ ಹೆಜ್ಜೆ, ಬಾಗಿಲು, ಬಟ್ಟೆಯ ಸರಭರ ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಚಿತ್ರ ನೋಡುತ್ತ ಹೊಸದಾಗಿ ಹುಟ್ಟಿಸುವವನು ಅವನು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ‘ಸಪ್ಪಳ’. ಚಿತ್ರವನ್ನು ಕತ್ತರಿಸಿ ಜೋಡಿಸುವ ಅವಳು ‘ಕತ್ತರಿ’. ಸಪ್ಪಳ ಎರಡು ವರ್ಷದಿಂದ ಕತ್ತರಿಯನ್ನು ಪ್ರೀತಿಸುತ್ತಿದ್ದ. ಊರಿಗೆಲ್ಲ ಸದ್ದು ಮಾಡಿಕೊಡುವವನು ಈ ಒಂದು ವಿಷಯದಲ್ಲಿ ಮಾತ್ರ ಪಿಟ್ಟೆಂದಿರಲಿಲ್ಲ.

“ಎಷ್ಟನೇ ಸಲ ನೋಡ್ತಿರೋದು?” ಕೇಳಿದ.

“ಮೂವತ್ತೊಂದು.”

“ಇನ್ನೂ ಸಾಕಾಗ್ಲಿಲ್ವಾ?”

“ಹನ್ನೆರಡೇ ಸೆಕೆಂಡು ರೀ. ಆದ್ರೆ ಏನೇನಿದೆ ನೋಡಿ ಇದ್ರಲ್ಲಿ! ಈ ಕಣ್ಣಲ್ಲಿ ಭಯ, ಆ ಕಣ್ಣಲ್ಲಿ ನಾಚಿಕೆ. ಇಡೀ ಸಿನಿಮಾ ಈ ಕಣ್ಣಿನ ಮೇಲೆ ನಿಂತಿದೆ. ಮುತ್ತು ಕೊಡಬೇಕು ಅನ್ಸತ್ತೆ.”

ಸಪ್ಪಳ ಪರದೆ ನೋಡಲಿಲ್ಲ. ಪರದೆಯ ಬೆಳಕು ಬಿದ್ದ ಅವಳ ಕೆನ್ನೆ ನೋಡಿದ. ಕೂದಲಿಗೆ ಸಿಕ್ಕಿಸಿಕೊಂಡು ಮರೆತ ಪೆನ್ಸಿಲ್ ನೋಡಿದ. ಒಂದೊಂದು ದೃಶ್ಯ ಕತ್ತರಿಸುವ ಮುನ್ನ ಅವಳು ಉಸಿರು ಹಿಡಿಯುತ್ತಾಳೆ, ಕತ್ತರಿಸಿದ ಮೇಲೆ ಸಣ್ಣಗೆ ಬಿಡುತ್ತಾಳೆ. ಆ ಉಸಿರನ್ನು ಹಿಡಿದಿಡುವ ಮೈಕ್ ಈವರೆಗೆ ಬಂದಿಲ್ಲ ಎಂದುಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಹೂವಿನ ಗೊಂಚಲು ಕಾಣಿಸಿತು. ಗೊಂಚಲಿನ ಹಿಂದೆ ಹೀರೋ.

“ಬಂಗಾರಾ, ಇವತ್ತು ನನ್ನನ್ನ ಎಷ್ಟು ಕಡೆ ಕತ್ತರಿಸಿದ್ರಿ?”

“ಅಯ್ಯೋ, ನಿಮ್ಮನ್ನ ಕತ್ತರಿಸೋಕೆ ನನಗೆ ಕೈ ಬರತ್ತಾ?” ಎಂದು ಅವಳು ನಕ್ಕಳು. ನಗುವಾಗ ಪೆನ್ಸಿಲ್ ಜಾರಿತು. ಹೀರೋ ಬಗ್ಗಿ ಎತ್ತಿಕೊಟ್ಟ. ಎರಡು ವರ್ಷದಿಂದ ಆ ಪೆನ್ಸಿಲ್ ಬೀಳಲೆಂದು ಕಾದವನು ಹೂವಿನ ಗೊಂಚಲಿನ ಆಚೆ ನಿಂತಿದ್ದ.

ಸಿನಿಮಾದ ಮೂಲ ಒಂದು ಹಳೆಯ ದುರಂತ ನಾಟಕ. ಬಾವಿಗಿಳಿದ ಅಣ್ಣನನ್ನು ಮೇಲೆತ್ತದೆ, ಹಗ್ಗ ಕತ್ತರಿಸಿ, ಸಿಂಹಾಸನ ಏರಿದ ತಮ್ಮನ ಕತೆ. ಆಮೇಲೆ ಅವನಿಗೆ ಎಲ್ಲೆಲ್ಲೂ ಬಾವಿಯ ರಾಟೆಯ ಸದ್ದು: ಬಾಗಿಲು ತೆರೆದರೆ ರಾಟೆ, ಹೆಂಡತಿ ಬಳೆ ಸರಿಸಿದರೆ ರಾಟೆ. ಬೇರೆ ಯಾರಿಗೂ ಅದು ಕೇಳಿಸುವುದಿಲ್ಲ. ಹಾಗೇ ಹುಚ್ಚು ಹಿಡಿಯುತ್ತದೆ.

ಸಪ್ಪಳನ ಸೋದರತ್ತೆ ನಾಟಕ ಕಂಪನಿಯಲ್ಲಿ ಮೀಸೆ ಅಂಟಿಸಿಕೊಂಡು ಇಪ್ಪತ್ತು ವರ್ಷ ಆ ತಮ್ಮನ ಪಾತ್ರ ಮಾಡಿದವಳು. ಅವಳ ಪ್ರಕಾರ ಹುಚ್ಚೆಂದರೆ ಕೂದಲು ಕಿತ್ತುಕೊಳ್ಳಬೇಕು, ಕಂಬಕ್ಕೆ ಹಣೆ ಚಚ್ಚಬೇಕು, ಬಾಗಿಲಾಚೆ ನಿಂತು ಬೀಡಿ ಸೇದುವವನೂ ಬೆಚ್ಚಿಬೀಳಬೇಕು. ಸಿನಿಮಾದ ಡೈರೆಕ್ಟರ್ ಇದಕ್ಕೆ ಪೂರಾ ಉಲ್ಟಾ. “ಕಡಿಮೆ ಮಾಡಿ. ಇನ್ನೂ ಕಡಿಮೆ. ರೆಪ್ಪೆ ಕೂಡ ಆಡಿಸ್ಬೇಡಿ,” ಎನ್ನುವ ಆಸಾಮಿ. ನಟ ಸುಮ್ಮನಿರಬೇಕು, ಹುಚ್ಚೆಲ್ಲ ಸದ್ದಿನಲ್ಲಿರಬೇಕು. ಹಾಗಾಗಿ ಮುರಿದ ತಿರುಗುಕುರ್ಚಿಯೊಂದಕ್ಕೆ ಒದ್ದೆ ಚರ್ಮದ ಬೆಲ್ಟ್ ಸುತ್ತಿ ಜಗ್ಗಿ, ಹದಿನೇಳು ದಿನ ಒದ್ದಾಡಿ, ಸಪ್ಪಳ ಆ ರಾಟೆಯ ಸದ್ದನ್ನು ಹುಟ್ಟಿಸಿದ್ದ. ಕಿರ್ರ್... ಕಿರ್ರ್... ಟಕ್.

ಹುಚ್ಚು ಪೂರ್ತಿ ನನ್ನದು, ಮುತ್ತು ಮಾತ್ರ ಅವನ ಕಣ್ಣಿಗೆ! ಸದ್ದಿನ ಕೋಣೆಗೆ ಹೋದವನೇ ಸಾಲಾಗಿಟ್ಟಿದ್ದ ಐವತ್ತು ಜೊತೆ ಬೂಟು ಚಪ್ಪಲಿಗಳ ಮುಂದೆ ನಿಂತು, ಪೊರಕೆಯನ್ನು ಹೂವಿನ ಗೊಂಚಲಿನಂತೆ ಹಿಡಿದು, ಥೇಟ್ ಹೀರೋನ ಗಂಟಲಲ್ಲಿ ಹೇಳಿದ: “ಬಂಗಾರಾ, ನನ್ನನ್ನ ಎಷ್ಟು ಕಡೆ ಕತ್ತರಿಸಿದ್ರಿ?” ಆಮೇಲೆ ತನ್ನದೇ ಗಂಟಲಲ್ಲಿ, “ಕೊಡಿ ಇಲ್ಲಿ ಆ ಕತ್ತರಿ, ನಾನೇ ತೋರಿಸ್ತೀನಿ.” ಚಪ್ಪಲಿಗಳು ನಗಲಿಲ್ಲ.

ಮಂಗಳವಾರವೂ ಹೂ ಬಂತು. ಬುಧವಾರ ಹೂವಿನ ಜೊತೆ ಚಾಕೊಲೇಟ್ ಬಂತು. ಅವಳು ಒಂದನ್ನು ಸಪ್ಪಳನಿಗೂ ಕೊಟ್ಟಳು. ಅವನು ಅದನ್ನು ಔಷಧಿಯಂತೆ ನುಂಗಿದ.

“ನಿಮಗ್ಯಾಕೆ ಮುಖ ಹೀಗಾಗಿದೆ?” ಕೇಳಿದಳು, ಕಣ್ಣು ಕಿರಿದು ಮಾಡಿ.

“ಸಿಹಿ ಜಾಸ್ತಿ.”

“ಚಾಕೊಲೇಟಿಗಾ, ತಂದವರಿಗಾ?”

ಅವನು ಎದ್ದು ಹೋದ. ಹೋದವನು ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬಿಸಿನೀರು ತುಂಬುವ ರಬ್ಬರ್ ಚೀಲವೊಂದು ಅವನ ಸರಂಜಾಮಿನಲ್ಲಿತ್ತು. ಅರ್ಧ ನೀರು ತುಂಬಿ, ಮೈಕಿನ ಮುಂದೆ ಮೆಲ್ಲಗೆ ಹಿಂಡಿದ. ಗುಳು... ಗುಳುಳುಳು... ಮೂರು ದಿನ ಉಪವಾಸವಿದ್ದ ಹೊಟ್ಟೆಯ ಸದ್ದು. ಅದನ್ನು ಆ ಹನ್ನೆರಡು ಸೆಕೆಂಡಿನ ರಾಟೆಯ ಸದ್ದಿನ ನಡುವೆ, ಸರಿಯಾಗಿ ಎಂಟನೆಯ ಸೆಕೆಂಡಿಗೆ ಅಂಟಿಸಿದ. ಅಣ್ಣನನ್ನು ಕೊಂದ ರಾಜ ಪಶ್ಚಾತ್ತಾಪದಿಂದ ಕಣ್ಣರಳಿಸುತ್ತಾನೆ, ಹೊಟ್ಟೆ ಗುಳುಗುಳು ಎನ್ನುತ್ತದೆ. ಹೊಟ್ಟೆಕಿಚ್ಚಿಗೆ ಹೊಟ್ಟೆಯ ಸದ್ದೇ ಸರಿ ಎಂದುಕೊಂಡು ಒಬ್ಬನೇ ಕಿಸಕ್ಕನೆ ನಕ್ಕ.

ಗುರುವಾರ ಆ ಟ್ರ್ಯಾಕನ್ನು ಅವಳ ಕೈಗಿಟ್ಟ.

“ಒಂದ್ಸಲ ಕೇಳಿ ನೋಡಿ,” ಎಂದ.

“ನೀವು ಕೊಟ್ಟಿದ್ದನ್ನ ಕೇಳಿ ಬೇರೆ ನೋಡ್ಬೇಕಾ? ಹಾಗೇ ಸೇರಿಸ್ತೀನಿ. ನಾಡಿದ್ದು ಸಿನಿಮಾ ಕೊಂಡ್ಕೊಳ್ಳೋರು ನೋಡೋಕೆ ಬರ್ತಿದ್ದಾರೆ. ಗೊತ್ತಲ್ಲಾ, ಎಡಿಟರ್ ಅಂತ ನನ್ನ ಹೆಸರು ಬರ್ತಿರೋ ಮೊದಲ್ನೇ ಸಿನಿಮಾ ಇದು. ಎಂಟು ವರ್ಷ ಬೇರೆಯವರ ಹಿಂದೆ ಕೂತು ಕೆಲಸ ಮಾಡಿದೀನಿ. ಅವರು ಆ ಹನ್ನೆರಡು ಸೆಕೆಂಡಿಗೆ ಮರುಳಾದ್ರೆ ನಾನು ಗೆದ್ದೆ. ಇಲ್ಲಾಂದ್ರೆ ಮತ್ತೆ ಹಿಂದಿನ ಕುರ್ಚಿ.”

ಸಪ್ಪಳನಿಗೆ ಆಗ ಹೊಳೆಯಿತು. ಜನ ನಕ್ಕರೆ ಹೀರೋನಿಗೆ ಇನ್ನೊಂದು ಸಿನಿಮಾ ಇದ್ದೇ ಇದೆ. ಬೀಳುವವಳು ಇವಳು.

ಹೇಳಿಬಿಡಬೇಕೆಂದು ಬಾಯಿ ತೆರೆದ. ಹೇಳಿದರೆ ‘ಯಾಕೆ ಮಾಡಿದ್ರಿ’ ಎಂದು ಕೇಳುತ್ತಾಳೆ. ‘ಯಾಕೆ’ಗೆ ಉತ್ತರ ಹೇಳಿದರೆ ಎರಡು ವರ್ಷದ ಗುಟ್ಟು ಹೊರಬೀಳುತ್ತದೆ, ಅದೂ ಒಂದು ಹೊಟ್ಟೆಯ ಸದ್ದಿನ ಬಾಲ ಹಿಡಿದುಕೊಂಡು. ಬಾಯಿ ಮುಚ್ಚಿಕೊಂಡ.

ಶುಕ್ರವಾರ ಬೆಳಗ್ಗೆ ಓಡಿಬಂದು, “ಆ ಟ್ರ್ಯಾಕ್ ಒಂದ್ನಿಮಿಷ ಕೊಡಿ, ಸಣ್ಣ ತಿದ್ದುಪಡಿ,” ಎಂದ.

“ಆಗ್ಲೇ ಎಲ್ಲ ಸೇರಿಸಿ, ಪ್ರತಿ ಮಾಡಿ, ಡೈರೆಕ್ಟರ್ ಕೈಗೆ ಕೊಟ್ಟಾಯ್ತಲ್ಲ. ನಾಳೆ ಹನ್ನೊಂದು ಗಂಟೆಗೇ ಅವರು ನೋಡೋಕೆ ಬರೋದು. ಯಾಕೆ?”

“ಏನಿಲ್ಲ... ಸುಮ್ನೆ.”

ಸ್ವಲ್ಪ ಹೊತ್ತಿನ ಮೇಲೆ ಕ್ಯಾಂಟೀನಿನಲ್ಲಿ ಲೋಟಕ್ಕೆ ನೀರು ಹಿಡಿಯುತ್ತಿದ್ದಾಗ ಕೇಳಿಸಿತು.

ಕಿರ್ರ್... ಕಿರ್ರ್... ಟಕ್.

ಪಕ್ಕದಲ್ಲೇ ಡೈರೆಕ್ಟರ್ ಚಹಾ ಊದುತ್ತಿದ್ದರು. “ಸರ್, ಏನೋ ಕೇಳಿಸ್ತಾ?”

“ಏನು?”

“ರಾಟೆ.”

ಡೈರೆಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿದ್ದೆ ಮಾಡಿ,” ಎಂದರು. “ಜಾಸ್ತಿ ಮಾಡಿ.”

ಮೆಟ್ಟಿಲಲ್ಲಿ ಮತ್ತೆ ಕೇಳಿಸಿತು. ಮಧ್ಯಾಹ್ನ ಎಡಿಟಿಂಗ್ ಕೋಣೆಯಲ್ಲಿ, ಅವಳು ಕುರ್ಚಿ ಎಳೆದ ಕ್ಷಣದಲ್ಲೇ ಕೇಳಿಸಿತು. ಹೀರೋ ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಇಬ್ಬರ ಮುಖದಲ್ಲೂ ಒಂದು ಗೆರೆ ಕದಲಲಿಲ್ಲ.

“ನಿಮಗೆ... ಕೇಳಿಸ್ಲಿಲ್ವಾ?”

“ಏನ್ರೀ ಅದು?” ಅವಳ ಕಣ್ಣಲ್ಲಿ ಕಾಳಜಿ. “ಬೆವರ್ತಿದೀರಲ್ಲ. ಕೂತ್ಕೊಳ್ಳಿ.”

ಅವನು ಕೂರಲಿಲ್ಲ. ನೇರ ಉಗ್ರಾಣಕ್ಕೆ ಹೋಗಿ ನೋಡಿದ. ತಿರುಗುಕುರ್ಚಿ ಧೂಳು ಹೊದ್ದು ನಿಂತಿತ್ತು. ಬೆಲ್ಟ್ ಒಣಗಿ ಸೆಟೆದಿತ್ತು. ಸದ್ದನ್ನು ಹುಟ್ಟಿಸಿದ ವಸ್ತುಗಳೆಲ್ಲ ತೆಪ್ಪಗಿದ್ದವು. ಹಾಗಾದರೆ ಅದು ಬರುತ್ತಿರುವುದು ಎಲ್ಲಿಂದ?

ಸಂಜೆ ಮನೆಯಲ್ಲಿ, ಪುಸ್ತಕದ ಕಪಾಟಿನ ಕಡೆಯಿಂದ, ಕಿರ್ರ್... ಟಕ್.

“ಅತ್ತೇ!”

ಅತ್ತೆ ಕನ್ನಡಕದ ಮೇಲಿಂದ ನೋಡಿದಳು. “ಏನೋ? ಹಾಗ್ಯಾಕೆ ಅರಚ್ತೀಯಾ?”

“ಸದ್ದು. ರಾಟೆ ಸದ್ದು. ನಿಂಗೆ ಕೇಳಿಸ್ಲಿಲ್ಲ?”

“ಇಲ್ವಲ್ಲಪ್ಪ.” ಹತ್ತಿರ ಬಂದು ಹಣೆ ಮುಟ್ಟಿದಳು. “ಲೋ, ಏನಾದ್ರೂ ಮಾಡಬಾರದ್ದು ಮಾಡಿದೀಯಾ? ಇದ್ರೆ ಹೇಳ್ಬಿಡು. ನಾನು ಇಪ್ಪತ್ತು ವರ್ಷ ಆ ಪಾತ್ರ ಮಾಡಿದವಳು, ಇದು ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ನಂಗೊತ್ತು.”

“ಎಲ್ಲಿಗೆ?”

“ಬಾವಿಗೆ,” ಎಂದಳು ಅತ್ತೆ, ಶಾಂತವಾಗಿ, ಪುಟ ತಿರುಗಿಸುತ್ತ.

ಶನಿವಾರ ಹನ್ನೊಂದಕ್ಕೆ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ದೀಪ ಆರಿತು. ಮುಂದಿನ ಸಾಲಿನಲ್ಲಿ ಕೆಲವು ತಲೆಗಳು. ಅವಳು ಪಕ್ಕದ ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದಳು. ಇವನು ಹಿಂದಿನ ಬಾಗಿಲ ಬಳಿ.

ಸಿನಿಮಾ ಹರಿಯಿತು. ಹಗ್ಗ ತುಂಡಾಯಿತು. ತಮ್ಮ ಸಿಂಹಾಸನ ಏರಿದ. ಇನ್ನೇನು ಆ ದೃಶ್ಯ. ಪರದೆಯ ತುಂಬ ಹೀರೋನ ಮುಖ ಬಂತು. ಸಪ್ಪಳ ಹೀರೋನನ್ನು ನೋಡಲಿಲ್ಲ, ಗೋಡೆಯ ಬಳಿಯ ಅವಳನ್ನು ನೋಡಿದ. ಅವಳು ಉಸಿರು ಹಿಡಿದಿದ್ದಳು. ಒಂದು ಸೆಕೆಂಡ್. ಎರಡು. ಮೂರು.

“ನಿಲ್ಸಿ!”

ಓಡಿಹೋಗಿ ಪರದೆಯ ಮುಂದೆ ನಿಂತ. ಹೀರೋನ ಮೂಗು ಇವನ ಅಂಗಿಯ ಮೇಲೆ ಬಿತ್ತು.

“ನಿಲ್ಸಿ! ಈಗ ಒಂದು ಸದ್ದು ಬರತ್ತೆ. ಅದು ಇವರ ಹೊಟ್ಟೆ ಅಲ್ಲ! ನನ್ನದೂ ಅಲ್ಲ, ಬಿಸಿನೀರಿನ ಚೀಲದ್ದು! ನಾನೇ ಹಾಕಿದ್ದು!” ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡಿದ್ದ. “ಎಡಿಟರ್ ತಪ್ಪು ಒಂದು ಚೂರೂ ಇಲ್ಲ. ಅವರು ಈ ಕಣ್ಣನ್ನ ಮೂವತ್ತೊಂದು ಸಲ ನೋಡಿದ್ರು. ನಾನು ಎರಡು ವರ್ಷದಿಂದ ಪಕ್ಕದಲ್ಲೇ ಇದೀನಿ, ಒಂದ್ಸಲಾನೂ ನನ್ನ ಹಾಗೆ ನೋಡ್ಲಿಲ್ಲ. ಹೊಟ್ಟೆ ಉರೀತು, ಮಾಡ್ಬಿಟ್ಟೆ. ಬೇಕಿದ್ರೆ ನನ್ನನ್ನ ಕೆಲಸದಿಂದ ತೆಗೀರಿ, ಸಿನಿಮಾ ಮಾತ್ರ ಕೊಂಡ್ಕೊಳ್ಳಿ. ಇವರಂಥ ಎಡಿಟರ್ ನಿಮಗೆ ಹುಡುಕಿದ್ರೂ ಸಿಗಲ್ಲ!”

ಹನ್ನೆರಡು ಸೆಕೆಂಡು ಆಗಲೇ ಕಳೆದಿತ್ತು. ಗುಳುಗುಳು ಬಂದೇ ಇರಲಿಲ್ಲ.

ದೀಪ ಹತ್ತಿತು. ಮುಂದಿನ ಸಾಲಿನಲ್ಲಿ ಡೈರೆಕ್ಟರ್, ಹೀರೋ ಮತ್ತು ಹೊಸ ಶಾಲು ಹೊದ್ದ ಸೋದರತ್ತೆ.

“ಕೊಂಡ್ಕೊಳ್ಳೋರು ಬರೋದು ಮೂರು ಗಂಟೆಗೆ,” ಎಂದಳು ಕತ್ತರಿ, ಗೋಡೆ ಬಿಟ್ಟು ಹತ್ತಿರ ಬರುತ್ತ. “ಹನ್ನೊಂದು ಅಂತ ನಿಮಗೊಬ್ರಿಗೇ ಹೇಳಿದ್ದು. ಆ ಹೊಟ್ಟೆ ಸದ್ದನ್ನ ಗುರುವಾರಾನೇ ಕಿತ್ತು ಬಿಸಾಕಿದೀನಿ. ನೀವು ಕೊಟ್ಟಿದ್ದನ್ನ ಕೇಳದೆ ಇರ್ತೀನಾ? ನಿಮ್ಮ ಸದ್ದು ಕೇಳೋಕೇ ಅಲ್ವಾ ನಾನು ಆ ದೃಶ್ಯಾನ ಮತ್ತೆ ಮತ್ತೆ ಓಡಿಸ್ತಿದ್ದದ್ದು!”

“ಮತ್ತೆ... ರಾಟೆ?”

ಅವಳು ಜೇಬಿನಿಂದ ಫೋನ್ ತೆಗೆದು ಒತ್ತಿದಳು. ಕಿರ್ರ್... ಟಕ್. ಅತ್ತೆ ತನ್ನ ಚೀಲದಿಂದ ಇನ್ನೊಂದು ಫೋನ್ ತೆಗೆದಳು. ಕಿರ್ರ್... ಟಕ್. ಡೈರೆಕ್ಟರ್ ಕೂಡ ಮುಖ ಅತ್ತ ತಿರುಗಿಸಿಕೊಂಡು ಒತ್ತಿದರು. “ಗುರುವಾರ ರಾತ್ರೀನೇ ಇವರಿಗೆಲ್ಲ ಸದ್ದು ಕಳಿಸಿದ್ದೆ,” ಎಂದಳು.

“ಮತ್ತೆ ಆ ಕಣ್ಣು?” ಸಪ್ಪಳನ ದನಿ ಪಾತಾಳದಲ್ಲಿತ್ತು. “ಭಯ, ನಾಚಿಕೆ, ಮುತ್ತು?”

“ಅದಾ?” ಹೀರೋ ತಲೆ ಕೆರೆದುಕೊಂಡ. “ಆಕ್ಟಿಂಗ್ ಅಲ್ಲ ಗುರೂ ಅದು. ಡೈರೆಕ್ಟರ್ ಕನ್ನಡಕದ ಮೇಲೆ ಕೂತ್ಬಿಟ್ಟಿದ್ದೆ. ಟಕ್ ಅಂತು. ಕ್ಯಾಮೆರಾ ಓಡ್ತಿತ್ತು. ನಾನು ಅಭಿನಯ ಮಾಡಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ, ಇದೊಂದೇ ಇರೋದು. ಇದನ್ನೂ ಕತ್ತರಿಸ್ಬಿಟ್ರೆ ಅಂತ ದಿನಾ ಹೂ ಹೊತ್ಕೊಂಡು ಬರ್ತಿದ್ದೆ.”

ಸಪ್ಪಳ ಪರದೆಯ ಅಂಚು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದ. ಅವಳೂ ಪಕ್ಕದಲ್ಲಿ ಕೂತಳು.

“ತುಂಬಾ ಕೋಪ ಬಂದಿತ್ತು,” ಎಂದಳು, ಇವನಿಗಷ್ಟೇ ಕೇಳುವ ಹಾಗೆ. “ಗುರುವಾರ ಹೆಡ್‌ಫೋನ್ ಬಿಸಾಕಿ, ನಿಮ್ಮ ಮುಖಕ್ಕೇ ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಮುಂದಿನ ದೃಶ್ಯ ಬಂತು. ರಾಣಿ ಮೆಟ್ಟಿಲಿಳಿಯೋದು. ಆ ಹೆಜ್ಜೆ ಕೇಳಿ ಹಾಗೇ ಕೂತ್ಬಿಟ್ಟೆ.”

“ಯಾಕೆ?”

“ಬಲಗಾಲು ಊರೋವಾಗ ಒಂಚೂರು ತಡ. ಚಿಕ್ಕವಳಿದ್ದಾಗ ನಾನು ಬಿದ್ದು ಆ ಕಾಲು ಮುರ್ಕೊಂಡಿದ್ದೆ. ಆ ತಡ ನಮ್ಮಮ್ಮನಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ನಿಮ್ಮ ರಾಣಿ ಯಾಕೆ ನನ್ನ ಹಾಗೆ ನಡೀತಾಳೆ?”

ಅವನು ತನ್ನ ಕಾಲನ್ನೇ ನೋಡಿಕೊಂಡ. ರಾಣಿಯ ಹೆಜ್ಜೆ ಮಾಡುವಾಗ ಯಾರದನ್ನು ನೆನೆದಿದ್ದನೆಂದು ಅವನಿಗೇ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು.

“ನನ್ನನ್ನ ಅಷ್ಟು ಕೇಳಿಸ್ಕೊಂಡವರು ಇನ್ಯಾರೂ ಇಲ್ಲ,” ಎಂದು ಅವಳು ಅವನ ಕೈಬೆರಳಿಗೆ ತನ್ನ ಬೆರಳು ಸಿಕ್ಕಿಸಿದಳು. “ಆದ್ರೆ ಬಾಯಿ ಬಿಟ್ಟು ಹೇಳೋದು ಯಾವಾಗ? ಅದಕ್ಕೇ ಸ್ವಲ್ಪ ರಾಟೆ ತಿರುಗಿಸ್ದೆ. ನನ್ನ ಸಿನಿಮಾ ಜೊತೆ ಆಟ ಆಡಿದ್ದಕ್ಕೆ ಶಿಕ್ಷೇನೂ ಆಯ್ತು. ಇನ್ನೊಂದ್ಸಲ ಹೀಗೆ ಮಾಡಿದ್ರೆ ರಾಟೆ ಇರಲ್ಲ, ನಾನೂ ಇರಲ್ಲ.”

“ಇಲ್ಲ. ಆಣೆಗೂ ಇಲ್ಲ.”

“ಹಾಗಿದ್ರೆ ಮೂರು ಗಂಟೆಗೆ ನನ್ನ ಪಕ್ಕ ಕೂತ್ಕೊಳ್ಳಿ. ಒಬ್ಳೇ ನೋಡೋಕಾಗಲ್ಲ ನನಗೆ.”

ಆಗಲೇ ಥಿಯೇಟರಿನ ದೊಡ್ಡ ಸ್ಪೀಕರುಗಳು ಗುಡುಗಿದವು: “ಇವರ ಹೊಟ್ಟೆ ಅಲ್ಲ! ನನ್ನದೂ ಅಲ್ಲ, ಬಿಸಿನೀರಿನ ಚೀಲದ್ದು!” ಪರದೆಯ ಕೆಳಗೆ ಮೈಕ್ ಇಟ್ಟು ಡೈರೆಕ್ಟರ್ ಎಲ್ಲವನ್ನೂ ರೆಕಾರ್ಡ್ ಮಾಡಿದ್ದರು. ನಾಲ್ಕು ದಿಕ್ಕಿನಿಂದಲೂ ಅವನದೇ ಅರಚಾಟ, ಅವನದೇ ಏದುಸಿರು.

ಎಲ್ಲರೂ ಅವನ ಮುಖ ನೋಡಿದರು. ಹೀರೋ ತುಟಿ ಕಚ್ಚಿಕೊಂಡ. ಅತ್ತೆ ಶಾಲಿನ ಅಂಚು ಬಾಯಿಗೆ ತುರುಕಿಕೊಂಡಳು. ಕತ್ತರಿ ಅವನ ಬೆರಳನ್ನು ಬಿಗಿಯಾಗಿ ಹಿಡಿದು, ನಕ್ಕರೆ ನೊಂದುಕೊಳ್ಳುತ್ತಾನೇನೋ ಎಂದು ಉಸಿರು ಹಿಡಿದಳು.

“ಅಯ್ಯೋ,” ಎಂದ ಸಪ್ಪಳ, ತನ್ನದೇ ಧ್ವನಿಯನ್ನು ಕಸುಬುದಾರನ ಕಿವಿಯಿಂದ ಆಲಿಸುತ್ತ. “ಮೈಕಿಗೆ ಇಷ್ಟು ಹತ್ತಿರ ಬಂದು ಯಾರಾದ್ರೂ ಅರಚ್ತಾರಾ? ಇದನ್ನ ನಾನೇ ತಿರಸ್ಕರಿಸ್ತೀನಿ!”

ಅಷ್ಟು ಹೇಳಿ, ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಉರುಳಿ ನಗತೊಡಗಿದ. ಆಮೇಲೆ ಎಲ್ಲರೂ ನಕ್ಕರು. ಆದರೆ ಸ್ಪೀಕರಿನ ಅಬ್ಬರವನ್ನೂ ಮೀರಿ ಕೇಳಿಸಿದ್ದು ಅವನೊಬ್ಬನ ನಗೆಯೇ.