ಹದಿಮೂರನೆಯ ಖಾಲಿ ಜಾಗ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಭೂಸ್ವಾಧೀನಾಧಿಕಾರಿ ಠಾಣೆಯ ಮೆಟ್ಟಿಲು ಹತ್ತಿದರು. ಕಂಕುಳಲ್ಲಿ ಒಂದು ಕಡತ, ಮುಖವೋ ಹರಳೆಣ್ಣೆ ಕುಡಿದವರದು.

"ಹೊಸ ಸರ್ಕಾರಿ ಶಾಲೆಗಳಿಗೆ ಅಂತ ಹನ್ನೆರಡು ಖಾಲಿ ಜಾಗ ಆರಿಸಿದ್ವಿ," ಎಂದರು ಇನ್‌ಸ್ಪೆಕ್ಟರ್ ಎದುರು ಕೂರುತ್ತ. "ಪ್ರಕಟಣೇಲಿ ಹದಿಮೂರು ಬಂದಿದೆ."

"ಹದಿಮೂರನೇದು ಯಾರು ಆರಿಸಿದ್ದು?"

"ಯಾರೂ ಆರಿಸಿಲ್ಲ. ಅದೇ ದೂರು."

ಊರಿಗೆ ಶಾಲೆ ಬೇಕೆಂದು ಸರ್ಕಾರ ಮನಸ್ಸು ಮಾಡಿದರೆ ಮಾಲೀಕ ಒಲ್ಲೆ ಎಂದರೂ ಜಾಗ ತೆಗೆದುಕೊಳ್ಳಬಹುದು. ಆದರೆ ಅದಕ್ಕೊಂದು ಕ್ರಮವಿದೆ. ಐದು ಅಧಿಕಾರಿಗಳು ಸ್ಥಳಕ್ಕೆ ಹೋಗಬೇಕು, ನೋಡಬೇಕು, ಪಂಚನಾಮೆ ಬರೆದು ಸಹಿ ಹಾಕಬೇಕು. ಹದಿಮೂರನೆಯ ಜಾಗದ ಮಾಲೀಕ, ಮರ ಕೊಯ್ಯುವ ಮಿಲ್ಲಿನ ಸಾಹುಕಾರ, ಸೋಮವಾರದ ವಿಚಾರಣೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದ: "ನನ್ನ ಗೇಟಿನ ಬೀಗ ತೆಗೆದು ಹನ್ನೊಂದು ವರ್ಷ ಆಯ್ತು. ನೀವು ಐದೂ ಜನ ಒಳಗೆ ಹೇಗೆ ಬಂದ್ರಿ?" ಐವರಲ್ಲಿ ಒಬ್ಬರೂ ಆ ಗೇಟು ನೋಡಿರಲಿಲ್ಲ.

"ಸಹಿಗಳು ನಕಲೀನಾ?"

"ಅಲ್ಲೇ ಇರೋದು ತಮಾಷೆ. ಐದೂ ಅಸಲಿ. ಒಂದು ನನ್ನದೇ."

ಎಫ್‌ಐಆರ್ ದಾಖಲಾಯಿತು. ಅಧಿಕಾರಿ ಏಳುವಾಗ ಹೇಳಿದರು: "ಗುರುವಾರ ಸಂಜೆಯೊಳಗೆ ವರದಿ ಕೊಡಿ. ಸುಳ್ಳು ಪಂಚನಾಮೆ ಅಂತ ಬರೆದುಕೊಟ್ರೆ ಆ ಜಾಗ ಕೈಬಿಡ್ತೀವಿ. ಸಾಹುಕಾರರು ಅಲ್ಲಿ ಗೋದಾಮು ಕಟ್ತಾರಂತೆ. ಶುಕ್ರವಾರಕ್ಕೇ ಕಾಂಕ್ರೀಟ್ ಹೇಳಿಟ್ಟಿದ್ದಾರೆ."

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ಪಂಚನಾಮೆ ತೆರೆದರು. ಹನ್ನೆರಡು ವರ್ಷದ ನೌಕರಿಯಲ್ಲಿ ಇಂಥವನ್ನು ಸಾವಿರ ನೋಡಿದ್ದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗೋಡೆ, ಮುಗಿಯಿತು ಕಥೆ. ಇದು ಹಾಗಿರಲಿಲ್ಲ. ಒತ್ತೊತ್ತಾಗಿ ಬರೆದ ಮೂರು ಹಾಳೆ.

"ಗೇಟಿನಿಂದ ಮರ ಎತ್ತುವ ಹಳೆಯ ಕಬ್ಬಿಣದ ಕಂಬಕ್ಕೆ ನಲವತ್ತನಾಲ್ಕು ಹೆಜ್ಜೆ. ಈ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆ ಕಂಬದ ನೆರಳು ಈಶಾನ್ಯ ಮೂಲೆಯನ್ನು ಮುಟ್ಟುತ್ತದೆ. ಹಕ್ಕಿಗಳು ಕಂಬದ ಮೇಲೆ ಕೂರುತ್ತವೆ, ಆ ಮೂಲೆಯಲ್ಲಿ ಇಳಿಯುವುದಿಲ್ಲ. ಎಂಥ ಮಳೆಗೂ ಅಲ್ಲಿ ನೀರು ನಿಲ್ಲುವುದಿಲ್ಲ. ಈ ಜಾಗದಲ್ಲಿ ನಡೆದರೆ ಹೆಜ್ಜೆಯ ಸದ್ದು ಬರುವುದಿಲ್ಲ. ಆ ಮೂಲೆಯಲ್ಲಿ ಮಾತ್ರ ಬರುತ್ತದೆ. ಶಾಲೆಯ ನೀರಿನ ತೊಟ್ಟಿಯನ್ನು ಅಲ್ಲಿಯೇ, ಇಪ್ಪತ್ತು ಅಡಿ ಆಳಕ್ಕೆ ಅಗೆಯತಕ್ಕದ್ದು."

ಭುಜದ ಮೇಲಿಂದ ಬಗ್ಗಿ ಓದುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು, ಬಾಯಿಗೆ ಬೀಗವಿಲ್ಲ ಎಂದು. "ಸಾರ್, ಇದು ಪಂಚನಾಮೆ ಅಲ್ಲ, ಜಾತಕ," ಎಂದ.

ಇನ್‌ಸ್ಪೆಕ್ಟರ್ ನಗಲಿಲ್ಲ. ಯಾರೋ ಆ ನೆಲವನ್ನು ವರ್ಷಗಟ್ಟಲೆ ಕಣ್ಣು ಮಿಟುಕಿಸದೆ ನೋಡಿದ್ದಾರೆ. ಖಾಲಿ ಜಾಗದಲ್ಲಿ ಅಷ್ಟು ನೋಡಲು ಏನಿದೆ?

ಅದೇ ದಿನ ಮೂರು ಹತ್ತಕ್ಕೆ ಸಾಹುಕಾರ ಬೀಗಕ್ಕೆ ಎಣ್ಣೆ ಬಿಟ್ಟು ಗೇಟು ತೆಗೆದ. ಇಸ್ತ್ರಿ ಮುರಿಯದ ಅಂಗಿ, ಮಾತು ಬೆಣ್ಣೆಯಂತೆ. ಒಳಗೆ ಸೊಂಟದೆತ್ತರ ಹುಲ್ಲು. ರೇಡಿಯೋ ಹೆಜ್ಜೆ ಎಣಿಸುತ್ತ ಹೊರಟ. ಹತ್ತು, ಹದಿನೈದು, ಇಪ್ಪತ್ತು. ಅಲ್ಲಿಗೆ ಅವನ ದನಿ ತಾನಾಗಿ ತಗ್ಗಿತು. ನಡೆಯುತ್ತಿದ್ದವರು ಮೂವರು, ಹೆಜ್ಜೆ ಸದ್ದು ಒಬ್ಬರದೂ ಇಲ್ಲ.

"ಹಳೇ ಮಿಲ್ಲು ಇಲ್ಲೇ ಇದ್ದಿದ್ದು," ಎಂದ ಸಾಹುಕಾರ. "ಕೆಳಗೆಲ್ಲ ಮರದ ಹೊಟ್ಟು. ಸದ್ದು ನುಂಗಿಬಿಡುತ್ತೆ."

ಕಂಬ ಬಂದಾಗ ರೇಡಿಯೋ ತುಟಿಯಲ್ಲೇ "ನಲವತ್ತನಾಲ್ಕು" ಎಂದ. ಕಂಬದ ಮೇಲೆ ಐದಾರು ಕಾಗೆ ಕೂತಿದ್ದವು. ನೆರಳು ಹುಲ್ಲಿನ ಮೇಲೆ ಜರುಗುತ್ತಾ ಜರುಗುತ್ತಾ, ಕೈಗಡಿಯಾರದಲ್ಲಿ ಮೂರೂವರೆ ಆಗುವುದಕ್ಕೂ ಮೂಲೆಗೆ ತಾಕುವುದಕ್ಕೂ ಸರಿಹೋಯಿತು. ಇನ್‌ಸ್ಪೆಕ್ಟರ್ ಅಲ್ಲಿಗೆ ಹೋಗಿ ಬೂಟುಗಾಲು ಊರಿದರು.

ದಬ್.

ಕಾಲು ಎತ್ತಿ ಮತ್ತೆ ಊರಿದರು. ಮತ್ತೆ ಅದೇ ಸದ್ದು, ಒಳಗಿನಿಂದ ಯಾರೋ ಮರುಬಡಿದಂತೆ.

"ಇಲ್ಲೇನಿತ್ತು?"

"ಏನೂ ಇಲ್ಲ. ಬರೀ ನೆಲ."

"ಬರೀ ನೆಲ ಹೀಗೆ ಸದ್ದು ಮಾಡುತ್ತಾ?"

"ಇಲಿ ತೋಡಿರುತ್ತೆ ಸಾರ್."

"ಹತ್ತಿರ ಬನ್ನಿ, ನೀವೂ ಕೇಳಿ."

"ಬೇಡ ಸಾರ್. ಹುಲ್ಲಲ್ಲಿ ಹಾವು ಗೀವು ಇರುತ್ತೆ." ಆತ ಎಂಟು ಅಡಿ ಆಚೆಯೇ ನಿಂತಿದ್ದ. ಅಷ್ಟು ಹೊತ್ತೂ ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್‌ಗೆ ಬೆನ್ನ ಮೇಲೆ ಯಾರದೋ ಕಣ್ಣು ನೆಟ್ಟಂತಾಗಿ ಸರ್ರನೆ ತಿರುಗಿದರು. ಹಿಂದಿನ ಗೋಡೆಯಾಚೆ ಮೂರಂತಸ್ತಿನ ಬಾಡಿಗೆ ಕಟ್ಟಡ. ಎಲ್ಲ ಕಿಟಕಿಗಳಿಗೂ ಪರದೆ, ಮೂರನೆಯ ಅಂತಸ್ತಿನ ಒಂದಕ್ಕೆ ಮಾತ್ರ ಇಲ್ಲ. ಅಲ್ಲಿ ಈ ಮೂಲೆಗೇ ಮುಖ ಮಾಡಿದ ಒಂದು ಕುರ್ಚಿ. ಕುರ್ಚಿ ಖಾಲಿಯಿತ್ತು.

"ಆ ಕಿಟಕಿ ಯಾರದು, ವಿಚಾರಿಸು," ಎಂದರು ರೇಡಿಯೋಗೆ.

ಬುಧವಾರ ಹನ್ನೊಂದಕ್ಕೆ ಭೂಸ್ವಾಧೀನ ಕಚೇರಿ. ಐವರನ್ನೂ ಬೇರೆ ಬೇರೆ ಕೂರಿಸಿ ಕೇಳಿದರೂ ಉತ್ತರ ಒಂದೇ ಅಚ್ಚಿನದು.

"ಸಹಿ ನಿಮ್ಮದಾ?"

"ನನ್ನದೇ."

"ಜಾಗ ನೋಡಿದ್ರಾ?"

"ಇಲ್ಲ."

"ಮತ್ತೆ ಸಹಿ?"

"ದಿನಕ್ಕೆ ಇನ್ನೂರು ಕಾಗದ ಬರುತ್ತೆ ಸಾರ್. ಅಕ್ಕ ಪೆನ್ಸಿಲಲ್ಲಿ ಗುರುತು ಹಾಕಿರ್ತಾರೆ, ಅಲ್ಲಿ ಸಹಿ ಹಾಕ್ತೀವಿ."

"ಓದಲ್ವಾ?"

"ಅಕ್ಕ ಓದಿರ್ತಾರಲ್ಲ!"

ಅಕ್ಕ ಎಂದರೆ ಕಚೇರಿಯ ಹಿರಿಯ ಗುಮಾಸ್ತೆ. ಐವತ್ತು ದಾಟಿದ ತೆಳ್ಳನೆಯ ಹೆಂಗಸು. ಅಷ್ಟರಲ್ಲಿ ರೇಡಿಯೋ ಬಂದು ಕಿವಿಯಲ್ಲಿ ಉಸುರಿದ: ಆ ಕಿಟಕಿಯ ಬಾಡಿಗೆದಾರಳೂ ಈಕೆಯೇ, ಹನ್ನೊಂದು ವರ್ಷದಿಂದ.

ಅಕ್ಕ ಎದ್ದು ನಿಲ್ಲಲಿಲ್ಲ, ಬೆವರಲೂ ಇಲ್ಲ. ಇನ್‌ಸ್ಪೆಕ್ಟರ್ ಕೂರುವ ಮೊದಲೇ ಕೇಳಿದರು: "ಮೂಲೇಲಿ ಕಾಲಿಟ್ಟಾಗ ಸದ್ದು ಬಂತಾ ಸಾರ್?"

"ನಾವು ಹೋಗಿದ್ದು ಯಾರು ಹೇಳಿದ್ರು?"

"ಅದನ್ನ ಓದಿದೋರು ಮೂರೂವರೆಗೆ ಅಲ್ಲಿಗೆ ಹೋಗದೆ ಇರಲ್ಲ. ಇಷ್ಟು ದಿನಕ್ಕೆ ಓದಿದೋರು ನೀವೊಬ್ರೇ."

"ನೀವೇ ಬರೆದಿದ್ದಾ?"

"ಹೌದು. ಹದಿಮೂರನೇ ನಂಬರು ಸೇರಿಸಿದ್ದೂ ನಾನೇ."

"ಯಾಕೆ?"

ಅಕ್ಕ ಪೆನ್ಸಿಲನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟರು. "ನನ್ನ ತಮ್ಮ ಆ ಮಿಲ್ಲಲ್ಲಿ ದೊಡ್ಡ ಗರಗಸ ನಡೆಸ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ ಬುತ್ತಿ ಹಿಡ್ಕೊಂಡು ಹೋದೋನು ಬರಲಿಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ಅಂದ್ರು ಸಾಹುಕಾರರು. ಹದಿನೈದು ದಿನಕ್ಕೆ ಮಿಲ್ಲನ್ನ ಬೇರೆ ಕಡೆ ಸಾಗಿಸಿ ಗೇಟಿಗೆ ಬೀಗ ಹಾಕಿದ್ರು. ನಾನು ಎದುರು ರೂಮು ಹಿಡಿದೆ. ಹಿಂದಿನ ಗೋಡೆ ಬಿದ್ದಿದ್ದಾಗ ಒಂದೇ ಒಂದು ಸಲ ಒಳಗೆ ಹೋಗಿ ನಡೆದು ನೋಡಿದೆ."

"ಪೊಲೀಸರಿಗೆ ಹೇಳ್ಬೇಕಿತ್ತು."

ಅಕ್ಕ ಅವರ ಮುಖವನ್ನೇ ನೋಡಿದರು. "ಹೇಳಿದ್ದೆ ಸಾರ್. ಏಳು ಅರ್ಜಿ. ನಿಮ್ಮ ಠಾಣೇಲೇ. ಖಾಸಗಿ ಜಾಗ, ಅಗೆಯೋ ಹಾಗಿಲ್ಲ ಅಂದ್ರು. ಖಾಸಗಿ ಜಾಗ ಯಾರು ಅಗೀಬಹುದು ಅನ್ನೋದು ಈ ಕಚೇರೀಲಿ ಕೂತೋಳಿಗೆ ಗೊತ್ತಿರಲ್ವಾ? ಪಟ್ಟಿ ಬರಲಿ ಅಂತ ಕಾದೆ."

"ಇಷ್ಟು ವರ್ಷ ಒಂದೂ ಬರಲಿಲ್ವಾ?"

"ರಸ್ತೆಯದು ಬಂತು. ರಸ್ತೆಗೆ ಆಳ ಅಗೆಯಲ್ಲ ಸಾರ್." ಅವರು ಮೊದಲ ಸಲ ಕೈ ಮುಗಿದರು. "ನಾಲ್ಕು ದಿನ ಸುಮ್ಮನಿದ್ದುಬಿಡಿ. ನಾಳೆ ನೀವು ವರದಿ ಕೊಟ್ರೆ ನಾಡಿದ್ದು ಅವನ ಮೇಲೆ ಕಾಂಕ್ರೀಟ್ ಬೀಳುತ್ತೆ. ಅಗೆದ ಮೇಲೆ ಎಳ್ಕೊಂಡು ಹೋಗಿ, ಬರ್ತೀನಿ."

"ಎಫ್‌ಐಆರ್ ಆಗಿದೆ ಅಕ್ಕ," ಎಂದರು ಇನ್‌ಸ್ಪೆಕ್ಟರ್. ಅಕ್ಕ ಎಂದು ಯಾವಾಗ ಬಾಯಿಗೆ ಬಂತೋ ಅವರಿಗೇ ತಿಳಿಯಲಿಲ್ಲ.

ಸಂಜೆ ಆರಕ್ಕೆ ರೇಡಿಯೋ ದಾಖಲೆ ಕೋಣೆಯ ಧೂಳು ಮೆತ್ತಿಕೊಂಡು ಕಾಣೆಯಾದವರ ಹಳೆಯ ಕಡತ ತಂದ. ಏಳು ಅರ್ಜಿಗಳು, ಅದೇ ಒತ್ತೊತ್ತು ಅಕ್ಷರ. ಏಳನೆಯದರ ಕೆಳಗೆ ಷರಾ: "ಖಾಸಗಿ ಜಾಗ. ಅಗೆಯಲು ಆಧಾರವಿಲ್ಲ. ಅರ್ಜಿ ಮುಕ್ತಾಯ." ಅದರ ಕೆಳಗೆ ಸಹಿ. ಸಹಿಯ ಪಕ್ಕದಲ್ಲಿ, ಮಾಸಿದ್ದರೂ ಕಾಣುವಂತೆ, ಪೆನ್ಸಿಲಿನ ಸಣ್ಣ ಗುರುತು.

ಇನ್‌ಸ್ಪೆಕ್ಟರ್ ಅರ್ಜಿಯ ತಾರೀಖು ನೋಡಿದರು. ಆಗ ಅವರು ಇದೇ ಠಾಣೆಯಲ್ಲಿ ಹೊಸ ಸಬ್ ಇನ್‌ಸ್ಪೆಕ್ಟರ್.

"ಅಕ್ಷರ, ಗುರುತು ಎರಡೂ ಠಾಣೆಯ ಹಳೇ ರೈಟರ್‌ದು ಸಾರ್," ಎಂದ ರೇಡಿಯೋ, ಮೆಲ್ಲಗೆ.

"ಸಹಿ ನಂದು."

ಅಂದು ಅರ್ಜಿ ತಂದ ಹೆಂಗಸಿನ ಮುಖ ನೆನಪಿಸಿಕೊಳ್ಳಲು ಬಹಳ ಹೊತ್ತು ಹೆಣಗಿದರು. ಅವರಿಗೆ ನೆನಪಾಗಲಿಲ್ಲ. ಇವತ್ತು ಅಕ್ಕ ಮುಖವನ್ನೇ ನೋಡಿದರಲ್ಲ, ಅಕ್ಕನಿಗೆ ನೆನಪಿತ್ತು.

ಗುರುವಾರ ಬೆಳಿಗ್ಗೆ ಅವರು ದಂಡಾಧಿಕಾರಿಗೆ ತಾವೇ ಕೂತು ಬರೆದರು: "ಸುಳ್ಳೆಂದು ದೂರಲಾದ ಪಂಚನಾಮೆಯ ಸಾಲುಗಳನ್ನು ಸ್ಥಳದಲ್ಲಿ ಪರಿಶೀಲಿಸಿದ್ದೇನೆ. ನೋಡಲು ಸಾಧ್ಯವಾದದ್ದೆಲ್ಲ ನಿಜ. ಉಳಿದದ್ದು ನೆಲದ ಕೆಳಗಿದೆ. ಅದನ್ನು ನೋಡದೆ ವರದಿ ಕೊಡಲಾರೆ." ಜೊತೆಗೆ ಹಳೆಯ ಸರ್ವೆ ನಕ್ಷೆ. ಏನೂ ಇರಲಿಲ್ಲ ಎಂದು ಸಾಹುಕಾರ ಹೇಳಿದ ಮೂಲೆಯಲ್ಲಿ ನಕ್ಷೆ ಒಂದು ಬಾವಿ ತೋರಿಸುತ್ತಿತ್ತು. ಹನ್ನೆರಡೂಕಾಲಿಗೆ ಆದೇಶ ಸಿಕ್ಕಿತು.

ಒಂದು ನಲವತ್ತಕ್ಕೆ ಗುದ್ದಲಿ ಬಿತ್ತು. ಒಂದು ಮೊಳ ಮರದ ಹೊಟ್ಟು, ಅದರಡಿ ಸಾಲಾಗಿ ಜೋಡಿಸಿದ ದಪ್ಪ ಹಲಗೆಗಳು. ಮೊದಲ ಹಲಗೆ ಎತ್ತಿದಾಗ ತಣ್ಣನೆಯ ಗಾಳಿ ಮೇಲೆ ಬಂತು. ಕಂಬದ ಮೇಲಿನ ಕಾಗೆಗಳು ಒಮ್ಮೆಲೇ ಹಾರಿಹೋದವು. ಕಂಬದ ನೆರಳು ಬಾವಿಯ ಬಾಯಿಗೆ ಬಂದು ತಾಕುವ ಹೊತ್ತಿಗೆ ಅಗ್ನಿಶಾಮಕದವನು ಹಗ್ಗ ಹಿಡಿದು ಇಳಿದ. ಹಗ್ಗ ಮತ್ತೆ ಜಗ್ಗಿದ್ದು ಇಪ್ಪತ್ತು ನಿಮಿಷದ ಮೇಲೆ.

ಮೇಲೆ ಬಂದದ್ದು ಗೋಣಿಯಲ್ಲಿ ಸುತ್ತಿದ ಮೂಳೆಗಳು, ಒಂದು ಬುತ್ತಿ ಡಬ್ಬಿ. ಮುಚ್ಚಳದ ಮೇಲೆ ಮೊಳೆಯಿಂದ ಕೆತ್ತಿದ ಪುಟ್ಟ ಮೀನು.

ಇಸ್ತ್ರಿ ಅಂಗಿಯಲ್ಲೇ ಸಾಹುಕಾರ ಹೊಟ್ಟಿನ ಮೇಲೆ ಕುಸಿದ. "ಗರಗಸಕ್ಕೆ ಸಿಕ್ಕಿಬಿಟ್ಟ. ಕೆಲಸ ಬೇಗ ಸಾಗಲಿ ಅಂತ ಕೈ ಸಿಕ್ಕದ ಹಾಗೆ ಹಾಕಿದ್ದ ಅಡ್ಡತಗಡು ನಾನೇ ತೆಗೆಸಿದ್ದೆ. ಮಿಲ್ಲು ಮುಚ್ಚಿಸ್ತಾರೆ ಅಂತ ಹೆದರಿದೆ ಸಾರ್."

"ಇಲ್ಲಿಗೆ ಹಾಕಿದಾಗ ಉಸಿರಿತ್ತಾ?"

ಇನ್‌ಸ್ಪೆಕ್ಟರ್ ಇನ್ನೊಮ್ಮೆ ಕೇಳಿದರು. ಸಾಹುಕಾರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ನಾಲ್ಕು ಇಪ್ಪತ್ತೈದಕ್ಕೆ ದಸ್ತಗಿರಿಯಾಯಿತು.

ಐದಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅಕ್ಕನನ್ನು ಗುರುತಿಸಲು ಕರೆತಂದಳು. ಅಕ್ಕ ಗೋಣಿಯ ಕಡೆ ನೋಡಲಿಲ್ಲ. ಡಬ್ಬಿ ತೆಗೆದುಕೊಂಡು ಮೀನಿನ ಮೇಲೆ ಬೆರಳಾಡಿಸಿದರು. "ನಾನೇ ಕೆತ್ತಿದ್ದು. ಡಬ್ಬಿ ಅದಲು ಬದಲು ಆಗುತ್ತೆ ಅಂತ ಗೋಳಾಡ್ತಿದ್ದ," ಎಂದರು. ಅಷ್ಟು ಹೇಳಿ ಡಬ್ಬಿಯನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತರು.

ಆಮೇಲೆ ಕಣ್ಣೊರೆಸಿಕೊಂಡು, ಅಗೆದದ್ದರ ಬಗ್ಗೆ ರೇಡಿಯೋ ಬರೆದಿದ್ದ ಹೊಸ ಪಂಚನಾಮೆ ಕೇಳಿದರು. ಎಲ್ಲರೂ ಕಾಯುತ್ತ ನಿಂತಿರಲು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು.

"ಕಂಬಕ್ಕೆ ನಲವತ್ತೆರಡು ಹೆಜ್ಜೆ ಅಂತ ಬರೆದಿದ್ದೀರಿ. ನಲವತ್ನಾಲ್ಕು."

ರೇಡಿಯೋ ನಾಲಿಗೆ ಕಚ್ಚಿಕೊಂಡು ತಿದ್ದಿದ. ಅಕ್ಕ ಸಹಿ ಹಾಕಿ, "ಇನ್ನು ನನ್ನ ಕಾಗದ ಕೊಡಿ ಸಾರ್," ಎಂದರು.

ಅಕ್ಕನ ದಸ್ತಗಿರಿ ಪತ್ರ ಸಿದ್ಧವಿತ್ತು. ಇನ್‌ಸ್ಪೆಕ್ಟರ್ ಸಹಿ ಹಾಕಬೇಕಾದಲ್ಲಿ ಠಾಣೆಯ ರೈಟರ್ ಎಂದಿನಂತೆ ಪೆನ್ಸಿಲಿನ ಗುರುತು ಹಾಕಿಟ್ಟಿದ್ದ. ಅವರು ರಬ್ಬರ್ ಕೇಳಿ ಪಡೆದು ಅದನ್ನು ಅಳಿಸಿದರು. ಪತ್ರವನ್ನು ಗಟ್ಟಿಯಾಗಿ, ಅಕ್ಕನಿಗೆ ಕೇಳುವಂತೆ ಪೂರ್ತಿ ಓದಿದರು. ಸಮಯ ಐದು ಮೂವತ್ತೈದು ಎಂದು ಬರೆದು ಸಹಿ ಹಾಕಿದರು.

ಸುಳ್ಳು ಪಂಚನಾಮೆಯ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬ ಕಾಲಂ ಉಳಿದಿತ್ತು. ಅದನ್ನು ರೈಟರ್‌ಗೆ ಬಿಡದೆ ತಮ್ಮ ಕೈಯಲ್ಲೇ ತುಂಬಿದರು: "ಆರೋಪಿಯು ಈ ನೆಲವನ್ನು ಅಗೆಯಿರಿ ಎಂದು ಏಳು ಬಾರಿ ಬರೆದುಕೊಟ್ಟಿದ್ದರು. ನಾನು ಓದಿರಲಿಲ್ಲ."