ಕಡಕ್ ರೊಟ್ಟಿ ಗಂಟಿನೊಳಗಿನ ಕಾರ್ಡ್

“ಕಾರ್ಡ್ ಎಲ್ಲೈತಿ ಭಾಗ್ಯಾ? ನಗಬ್ಯಾಡ, ಹೇಳ!”

ಅಣ್ಣ ಜಯಪಾಲ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದ. ಬೆಳಿಗ್ಗೆ ಗೇಮ್ ಆಡಲು ಬಿಡಲಿಲ್ಲವೆಂದು ಭಾಗ್ಯಾ ಅದರ ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡನ್ನೇ ಕಿತ್ತು ಅಡಗಿಸಿದ್ದಳು.

ಅವಳು ಸೊಂಟದ ಮೇಲೆ ಕೈಯಿಟ್ಟಳು. “ಈ ಭಾಗ್ಯಾ ಕೈ ಹಾಕಿದ್ಲಂದ್ರ ಫ್ಯಾನೂ ನಿಲ್ತೈತಿ, ಟೈಮೂ ನಿಲ್ತೈತಿ!”

“ಡೈಲಾಗ್ ಸಾಕ! ಮಲಿಕಸಾಬ ಕಾಕಾನ ದ್ರಾಕ್ಷಿ ತೋಟದ ಡ್ರೋನ್ ಫೋಟೋ ಇದರಾಗ ಅದಾವು. ಯಾವ ಸಾಲಿಗೆ ರೋಗ ಬಂದೈತಿ ಅಂತ ಈಗ ಹೇಳಬೇಕು. ಮೋಡ ನೋಡಲ್ಲೆ, ಮಳಿ ಬಂದ್ರ ರೋಗ ಜಾಸ್ತಿ ಆಗ್ತೈತಿ. ಇವತ್ತ ಔಷಧ ಹೊಡೀಲಿಲ್ಲಂದ್ರ ತೋಟೆಲ್ಲಾ ಹಬ್ತೈತಿ.”

“ಅದು ಗೇಮಿನ ಕಾರ್ಡ್ ಅಲ್ಲೇನ?”

“ಮೊದಲ ಗೇಮಿಗಂತನ ಮಾಡಿದ್ರು. ಪರದಿ ಮ್ಯಾಲಿನ ಲಕ್ಷಗಟ್ಟಲೆ ಚುಕ್ಕಿಗೆ ಒಮ್ಮೆಲೆ ಬಣ್ಣ ಹಚ್ತೈತಿ. ಈಗ ಅದ ಕಸುವಿನಿಂದ ಎಲಿ ನೋಡ್ತೈತಿ, ದವಾಖಾನ್ಯಾಗ ಸ್ಕ್ಯಾನ್ ನೋಡ್ತೈತಿ. ಎಲ್ಲಿಟ್ಟಿ?”

ಭಾಗ್ಯಾ ಅಡುಗೆಮನೆಗೆ ಓಡಿದಳು. ಕಾರ್ಡ್ ತುರುಕಿದ್ದ ರೊಟ್ಟಿ ಗಂಟು ಮೂಲೆಯಲ್ಲಿರಲಿಲ್ಲ.

“ಅವ್ವಾ, ರೊಟ್ಟಿ ಗಂಟು?”

“ಮಲಿಕಸಾಬರ ತೋಟದ ಆಳುಗಳಿಗೆ ಕಟ್ಟಿದ್ದು. ಈಗ ಒಯ್ದ್ರು. ಯಾಕ್ ಇಷ್ಟ ವಜ್ಜ ಐತಿ, ಎತ್ತಾಕ ಭಾರ ಅಂದ್ರು.”

ಭಾಗ್ಯಾ ಚಪ್ಪಲಿ ಹಾಕದೆ ಓಡಿದಳು. ಕಡಕ್ ರೊಟ್ಟಿಯನ್ನು ಎಲ್ಲರೂ ಗುದ್ದಿಯೇ ಮುರಿಯುತ್ತಾರೆ. ಕಾರ್ಡಿಗೂ ಗುದ್ದಿದರೆ?

ತೋಟದಲ್ಲಿ ಆಳುಗಳು ಊಟಕ್ಕೆ ಕೂತಿದ್ದರು. ಅವರಲ್ಲೊಬ್ಬಳಾದ ಕಾಳವ್ವ ಗಂಟಿನ ಮೇಲೆ ಮುಷ್ಟಿ ಎತ್ತಿದ್ದಳು.

“ತಡಿ ಕಾಳವ್ವಾ! ಗುದ್ದಬ್ಯಾಡಾ!”

ಗಂಟು ಬಿಚ್ಚಿದರೆ ರೊಟ್ಟಿಗಳ ನಡುವೆ ಕಾರ್ಡ್!

“ಅಯ್ಯ, ಫ್ಯಾನ್ ಇರೋ ರೊಟ್ಟಿ!” ಎಂದಳು ಕಾಳವ್ವ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮಲಿಕಸಾಬ ಮಾತ್ರ ನಗಲಿಲ್ಲ. ಹಳದಿ ಕಲೆ ಬಿದ್ದ ಎಲೆಯೊಂದನ್ನು ತಿರುವಿ ತಿರುವಿ ನೋಡುತ್ತಿದ್ದ. “ಜಯಪಾಲ ಫೋನ್ ಮಾಡ್ತೀನಂದಿದ್ದ, ಬೇಟಾ. ಇನ್ನೂ ಮಾಡಿಲ್ಲ.”

ಭಾಗ್ಯಾ “ಮಾಡ್ತಾನ್ರಿ ಕಾಕಾ,” ಎಂದು ಕಾರ್ಡ್ ಎದೆಗವುಚಿಕೊಂಡು ಮನೆಗೆ ಓಡಿದಳು.

ಜಯಪಾಲ ಕಾರ್ಡ್ ಕಸಿದುಕೊಂಡ. ಅವನು ಬ್ರಶ್ಶಿನಿಂದ ಹಿಟ್ಟಿನ ಪುಡಿ ಕೊಡವಿ, ಕಾರ್ಡ್ ಕೂರಿಸಿ, ಬಟನ್ ಒತ್ತಿದ.

ಫ್ಯಾನ್ ಒಮ್ಮೆ ಅಲುಗಿ ನಿಂತಿತು.

ಭಾಗ್ಯಾ ಬಗ್ಗಿ ನೋಡಿದಳು.

ಗರ್ರ್... ಎರಡೂ ಫ್ಯಾನ್ ತಿರುಗಿದವು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ದ್ರಾಕ್ಷಿ ಸಾಲುಗಳು ಬಂದವು. ಅಲ್ಲಲ್ಲಿ ಕೆಂಪು ಚುಕ್ಕಿಗಳು ಮೂಡಿದವು.

“ಕಾಕಾ, ಬಾವಿ ಕಡೆ ಹದಿನೇಳು ಸಾಲಿಗೆ ರೋಗ ಐತ್ರಿ. ಮೊದಲ ಅಲ್ಲಿ ಹೊಡೀರಿ,” ಎಂದ ಜಯಪಾಲ ಫೋನಿನಲ್ಲಿ. ಆಮೇಲೆ ತಂಗಿಯತ್ತ ತಿರುಗಿ, “ಕೆಲಸ ಮುಗೀತ. ಗೇಮ್ ಆಡ್ತಿ ಏನ?” ಎಂದ.

ಭಾಗ್ಯಾ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

“ಬ್ಯಾಡ. ಅದು ದಣದೈತಿ.”

ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಮಳೆ ಇನ್ನೂ ಬಿದ್ದಿರಲಿಲ್ಲ. ತೋಟದ ಕಡೆಯಿಂದ ಔಷಧ ಹೊಡೆಯುವ ಟ್ರ್ಯಾಕ್ಟರಿನ ಸದ್ದು ಕೇಳುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ.