ಮಕ್ಕಳು ನಗಲಿಲ್ಲ

"ಟಿ.ವಿ.ಗೆ ಬೆನ್ನು ಮಾಡಿ ಕುಂತೀರಲ್ಲ... ಟಿ.ವಿ. ನೋಡಾಕ ಬಂದೀರೋ, ನಮ್ಮನ್ನ ನೋಡಾಕ ಬಂದೀರೋ?"

ಕೇಳಿದ್ದು ತಾನೇನಾ ಎಂದು ಕಳಕಮ್ಮನಿಗೇ ಗಾಬರಿಯಾಯಿತು. ಮೂರು ಸಲ ಗಂಟಲು ಸರಿಮಾಡಿಕೊಂಡು, ಎರಡು ಸಲ ಮನಸ್ಸಿನೊಳಗೇ ಹೇಳಿ ನೋಡಿಕೊಂಡು, ಆಮೇಲೆ ಆಡಿದ ಮಾತು ಅದು! ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು.

ಆ ಅಪರಿಚಿತ ಏಳಲಿಲ್ಲ. ಟಿ.ವಿ. ಪೆಟ್ಟಿಗೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಕ್ಕಳ ಮುಖವನ್ನೇ ನೋಡುತ್ತಿದ್ದವನು, ಮೆಲ್ಲಗೆ ತಲೆಯೆತ್ತಿದ.

"ಮಕ್ಕಳನ್ನ ನೋಡಾಕ ಬಂದೀನ್ರಿ, ಟೀಚರ್. ಟಿ.ವಿ. ಒಳಗ ಏನ್ ಬರತೈತಿ ಅಂತ ನನಗ ಗೊತ್ತೈತಿ."

ಎಂಥ ಸೊಕ್ಕು ಇವನದು!

ಅಷ್ಟರಲ್ಲಿ ಪರದೆಯ ಮೇಲೆ ಕಾರ್ಟೂನಿನ ಕಪ್ಪೆ ಬಾವಿಬಸ್ಯಾ ಬಾವಿಯಿಂದ ಕುಪ್ಪಳಿಸಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿತು. "ಏ ಹುಡುಗೋರಾ, ನಮ್ಮ ಬಾವ್ಯಾಗ ಚಪ್ಪಲಿ ಒಗದಾಂವ ಯಾರಲೇ? ಒಂದ ಒಗದೀರಿ, ಇನ್ನೊಂದೂ ಒಗೀರಿ! ನಾನರ ಹಾಕ್ಕೋತೀನಿ!"

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳಕಮ್ಮ ನಗಲಿಲ್ಲ. ಆಕೆ ಆ ಮನುಷ್ಯನ ತುಟಿಗಳನ್ನೇ ನೋಡುತ್ತಿದ್ದಳು. ಕಪ್ಪೆ ಆಡಿದ ಒಂದೊಂದು ಮಾತಿಗೂ ಅವು ಸದ್ದಿಲ್ಲದೆ ಅಲುಗುತ್ತಿದ್ದವು...

ಅಯ್ಯ ದೇವರೇ! ಬಾವಿಬಸ್ಯಾನ ಧ್ವನಿ ಇವನದೇ!

ಅದು ೧೯೭೫ನೆಯ ಇಸವಿ. ಸರ್ಕಾರ ಆಯ್ದ ಹಳ್ಳಿಗಳ ಶಾಲೆಗಳಿಗೆ ಟಿ.ವಿ. ಕೊಟ್ಟಿತ್ತು. ಹೈದರಾಬಾದಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮಗಳು ಉಪಗ್ರಹ ಹತ್ತಿ, ಶಾಲೆಯ ಮಾಳಿಗೆಯ ಮೇಲಿನ ತಂತಿಬಲೆಯ ಛತ್ರಿಗೆ ಇಳಿಯುತ್ತಿದ್ದವು. ಯಲಬುರ್ಗಾ ಸೀಮೆಯ ಕರಡಿಹಾಳದಲ್ಲಿ ಆ ಪೆಟ್ಟಿಗೆಯ ಜವಾಬ್ದಾರಿ ಕಳಕಮ್ಮನದು. ಯಲಬುರ್ಗಾದ ಕಾಳಿನ ವ್ಯಾಪಾರಿ ಕೊಟ್ರಬಸಪ್ಪನ ಮಗಳು, ಬಿ.ಎ. ಮುಗಿಸಿದವಳು. ಶಾಲೆಯ ಹಿಂದೆ ಸಣ್ಣವ್ವನೆಂಬ ಮುದುಕಿಯ ಮನೆಯಲ್ಲಿ ಒಂದು ಖೋಲಿ ಹಿಡಿದಿದ್ದಳು.

ಬೆಳಿಗ್ಗೆ ಮಕ್ಕಳಿಗೆ ಬಾವಿಬಸ್ಯಾ. ಸಂಜೆ ಊರವರಿಗೆ 'ಹೇಳ್ರಿ ನೋಡೋಣ' ಎಂಬ ಆಟ. ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ರೈತನಿಗೆ ಲಾಟೀನೋ ಕೈಪಂಪೋ ಬಹುಮಾನ. ಆ ಆಟ ನಡೆಸುವವನೂ ಇವನೇ, ಗವಿಸಿದ್ದಪ್ಪ. ಪರದೆಯಲ್ಲಿ ಕೋಟು ತೊಟ್ಟು ತಲೆ ಬಾಚಿಕೊಂಡಿರುತ್ತಿದ್ದವನನ್ನು ಧೂಳು ಮೆತ್ತಿದ ಅಂಗಿಯಲ್ಲಿ ಆಕೆಗೆ ಗುರುತೇ ಸಿಕ್ಕಿರಲಿಲ್ಲ.

ಮಕ್ಕಳು ಹೊರಗೆ ಓಡಿದ ಮೇಲೆ ಅವನು ಮೇಜಿನ ಮೇಲಿದ್ದ ವರದಿಯ ಫಾರಂ ಎತ್ತಿಕೊಂಡ. ಪ್ರತಿ ವಾರ ಟೀಚರು ತುಂಬಿ ಅಂಚೆಗೆ ಹಾಕಬೇಕಾದ ಹಾಳೆ ಅದು. 'ಮಕ್ಕಳಿಗೆ ಅರ್ಥವಾಯಿತೇ? ಮಕ್ಕಳು ನಕ್ಕರೇ? ಯಾವಾಗ?'

"ಉಳಿದ ಊರಿನವರು 'ಎಲ್ಲಾ ಚಲೋ ಇತ್ತು' ಅಂತ ಬರದು ಸಹಿ ಮಾಡ್ತಾರ್ರಿ. ಕರಡಿಹಾಳದ ಕಾಗದ ಒಂದ ಖರೇ ಹೇಳತೈತಿ. 'ಇಂಥಾ ಮಾತಿಗೆ ನಕ್ಕರು, ಇಂಥಾ ಮಾತಿಗೆ ಆಕಳಿಸಿದರು.' ಯಾರು ಬರೀತಾರ ಅಂತ ನೋಡಾಕನ ಬಂದೆ."

"ಹಂಗಾರ..." ಕಳಕಮ್ಮ ನೆಲ ನೋಡುತ್ತಾ ಅಂದಳು, "ಮಕ್ಕಳನ್ನ ನೋಡಾಕ ಬಂದಿಲ್ಲೇನ್ರಿ?"

ಗವಿಸಿದ್ದಪ್ಪನ ಕಿವಿ ಕೆಂಪಾದವು. ಸಾವಿರ ಮಂದಿಯೆದುರು ಪಟಪಟ ಮಾತಾಡುವವನು ಫಾರಂ ತಲೆಕೆಳಗಾಗಿ ಹಿಡಿದು ಓದತೊಡಗಿದ.

ಆಮೇಲೆ ಎರಡು ಸಲ ಬಂದ. ಬಂದಾಗಲೆಲ್ಲ ಪರದೆಗೆ ಬೆನ್ನು ಹಾಕಿ ಕೂತು ಮಕ್ಕಳ ಮುಖ ಓದುತ್ತಿದ್ದ. ಬರದ ವಾರಗಳಲ್ಲಿ ಕಳಕಮ್ಮ ಫಾರಂನ ಅಂಚಿನಲ್ಲಿ ಪೆನ್ಸಿಲಿನಿಂದ ಮಕ್ಕಳ ಮಾತುಗಳನ್ನು ಬರೆದು ಕಳಿಸುತ್ತಿದ್ದಳು. ಹದಿನೈದು ದಿನದಲ್ಲಿ ಆ ಮಾತು ಬಾವಿಬಸ್ಯಾನ ಬಾಯಲ್ಲಿ ಬರುತ್ತಿತ್ತು. ಆಗೆಲ್ಲ ಆಕೆ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

"ಏನವಾ, ಆ ಕಪ್ಪಿರಾಯ ಬರೋ ದಿನ ನಿನ್ನ ಸೀರಿ ನಿರಿಗಿ ಭಾಳ ಚಂದ ಬೀಳತಾವಲ್ಲ!" ಎಂದು ಸಣ್ಣವ್ವ ಕೆಣಕುತ್ತಿದ್ದಳು.

"ಸುಮ್ಮನಿರಬೇ, ಯಾರರ ಕೇಳ್ಯಾರು!"

"ಕೇಳ್ಲಿ ಬಿಡು. ಕಪ್ಪಿ ವಟಗುಟ್ಟಿದ್ರ ಮಳಿ ಆಗತೈತಿ, ಲಗ್ನ ಆಗಬಾರದೇನು?"

ಗವಿಸಿದ್ದಪ್ಪ ಗಿಣಿಗೇರಾದವನು. ಮೊದಲು ಗಂಗಾವತಿಯಲ್ಲಿ ಟಾಂಗಾದ ಮೇಲೆ ಮೈಕು ಕಟ್ಟಿಕೊಂಡು ಟೆಂಟ್ ಸಿನಿಮಾದ ಪ್ರಚಾರ ಮಾಡುತ್ತಿದ್ದನಂತೆ. ಮನೆಯಲ್ಲಿ ತಾಯಿ ಹುಲಗೆಮ್ಮ ಒಬ್ಬಳೇ.

"ನಮ್ಮವ್ವಗ ಇನ್ನೂ ನಂಬಿಕಿ ಇಲ್ರಿ. ನಮ್ಮ ಊರಿಗೆ ಟಿ.ವಿ. ಬಂದಿಲ್ಲಲ್ಲ. 'ಅಷ್ಟ ಸಣ್ಣ ಪೆಟಗಿಯಾಗ ಹೆಂಗ ಕುಂದರತೀಯಪಾ, ಉಸಿರು ಕಟ್ಟೂದಿಲ್ಲೇನು?' ಅಂತಾಳ. ಸುಗ್ಗಿ ಮುಗೀಲಿ, ನಿಮ್ಮ ಸಾಲಿಗೇ ಕರಕೊಂಡ ಬರತೀನಿ."

"ಕರಕೊಂಡ ಬರ್ರಿ... ಎಲ್ಲಾರ ಮುಂದ ಕುಂದರಸತೀನಿ," ಎಂದಿದ್ದಳು ಕಳಕಮ್ಮ. ಅವನ ತಾಯಿಗೆ ಯಾವ ಅಡುಗೆ ಮಾಡಬೇಕೆಂದು ಅವತ್ತೇ ಯೋಚಿಸಿದ್ದಳು!

ಆದರೆ ಆ ಶುಕ್ರವಾರ ಸಂಜೆ ಬಂತು...

ಶಾಲೆಯ ಅಂಗಳ ತುಂಬಿತ್ತು. ಆಟ ಮುಗಿಯುವ ಹೊತ್ತಿಗೆ ಗವಿಸಿದ್ದಪ್ಪ ಪರದೆಯಿಂದ ನಗುತ್ತಾ ಹೇಳಿದ. "ಯಲಬುರ್ಗಾ ಸೀಮಿಯೊಳಗ ಒಬ್ಬ ಟೀಚರ್ ಅದಾರ್ರಿ. ಎದುರಿಗೆ ನಿಂತರ ಬಾಯಾಗ ಮಾತ ಇಲ್ಲ. ನಮಸ್ಕಾರ ಅನ್ನಾಕನ ಮೂರು ಸಲ ಗಂಟಲು ಸರಿಮಾಡ್ಕೋಬೇಕು..."

ಟಪ್ಪೆಂದು ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಆಮೇಲೆ ಇಡೀ ಅಂಗಳ ಗೊಳ್ಳೆಂದಿತು!

"ಅಯ್ಯ, ನಮ್ಮ ಕಳಕಮ್ಮ ಟೀಚರ!"

"ಟೀಚರ್, ನಿಮ್ಮ ಗಂಟಲು ಹೈದರಾಬಾದಿನ ತನಕ ಕೇಳೈತಿ ನೋಡ್ರಿ!"

ಕಳಕಮ್ಮ ಕತ್ತಲಲ್ಲೇ ಗೋಡೆ ಹಿಡಿದು ಖೋಲಿಯತ್ತ ಹೊರಟಳು. ನನ್ನ ಸಂಕೋಚ... ಅವನೆದುರು ಮಾತ್ರ ಸ್ವಲ್ಪ ಕರಗಿದ್ದ ಸಂಕೋಚ... ಅದನ್ನೇ ಊರೂರಿಗೆ ಮಾರಿಬಿಟ್ಟನೇ? ನಗಿಸಲು ಅವನಿಗೆ ನಾನೇ ಸಿಕ್ಕೆನೇ?

ಮರುದಿನ ಬಾವಿಬಸ್ಯಾನನ್ನು ನೋಡಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕಳಕಮ್ಮ ಫಾರಂ ಎಳೆದುಕೊಂಡಳು.

'ಮಕ್ಕಳು ನಕ್ಕರೇ?'

ಪೆನ್ನು ಒಂದಿಷ್ಟೂ ತಡೆಯಲಿಲ್ಲ. 'ಮಕ್ಕಳು ನಗಲಿಲ್ಲ. ಧ್ವನಿ ಹಿಡಿಸಲಿಲ್ಲ.'

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ನಾಲ್ಕು ವಾರ, ನಾಲ್ಕು ಸುಳ್ಳು. ಅಂಚಿನಲ್ಲಿ ಪೆನ್ಸಿಲಿನ ಒಂದು ಅಕ್ಷರವೂ ಇಲ್ಲ.

ಟಿ.ವಿ. ಇದ್ದ ಶಾಲೆಗಳ ತಿಂಗಳ ಸಭೆಗೆ ಯಲಬುರ್ಗಾಕ್ಕೆ ಹೋದಾಗ ಕುಷ್ಟಗಿ ಕಡೆಯ ಶಾಲೆಯ ಇಮಾಮಬಾನು ಓಡಿ ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಟ್ರೇನಿಂಗಿನ ಗೆಳತಿಯರು.

"ಕಳಕಾ, ಏನ್ ನಸೀಬವಾ ನಿಂದು! ಟಿ.ವಿ.ಯಾಗ ನಿನಗ ಕೈ ಮುಗದ್ರಲ್ಲ!"

"ನೀನೂ ಚೇಷ್ಟಿ ಮಾಡ್ತಿ? ಮಾಡು."

"ಚೇಷ್ಟಿ ಯಾಕ? ಪೂರಾ ಕೇಳಿಲ್ಲೇನು?" ಇಮಾಮಬಾನು ಬೆರಗಾದಳು. "'ಆದ್ರ ಅವರು ಬರದ ಕಾಗದ ಓದಿದ್ರ, ಊರ ಮಕ್ಕಳೆಲ್ಲಾ ಎದುರಿಗೆ ಬಂದು ಕುಂತಂಗ ಆಗತೈತಿ. ಬಾವಿಬಸ್ಯಾನ ಮಾತು ನನ್ನವಲ್ಲ, ಅವರವು. ಅವರಿಗೆ ನನ್ನ ನಮಸ್ಕಾರ' ಅಂದ್ರು. ಕೈ ಎತ್ತಿ ಮುಗದ್ರು ಕಳಕಾ, ಕಣ್ಣಾಗ ನೀರಿತ್ತು!"

ಕಳಕಮ್ಮ ತಾನು ಕಳಿಸಿದ ನಾಲ್ಕು ಕಾಗದಗಳನ್ನು ಬೆರಳು ಮಡಚಿ ಎಣಿಸಿದಳು.

ಅರ್ಧ ಮಾತು ಕೇಳಿ... ನಾನು ಏನು ಮಾಡಿದೆ?

ಸೋಮವಾರ ಕಪ್ಪೆ ಬಾವಿಯಿಂದ ಕುಪ್ಪಳಿಸಿ ಬಂತು. ಬಾಯಿ ತೆರೆಯಿತು. ಧ್ವನಿ ಬೇರೆಯವರದು. ಸಂಜೆಯ ಆಟದಲ್ಲೂ ಬೇರೆ ಮುಖ.

"ಟೀಚರ್, ಬಾವಿಬಸ್ಯಾಗ ಏನಾತ್ರಿ?" ಮಕ್ಕಳು ಕೇಳಿದರು. "ಥಂಡಿ ಆಗೈತೇನ್ರಿ?"

"ಹೂಂ..." ಎಂದಳು ಕಳಕಮ್ಮ. ಅವತ್ತು ಮಕ್ಕಳು ನಿಜವಾಗಿಯೂ ನಗಲಿಲ್ಲ.

ಆ ರಾತ್ರಿ ಹೈದರಾಬಾದಿನ ಆಫೀಸಿಗೆ ನಿಜ ಬರೆದಳು. ಎರಡು ಹಾಳೆ. ಸುಳ್ಳು ವರದಿ ಕೊಟ್ಟ ಟೀಚರನ್ನು ಇಟ್ಟುಕೊಳ್ಳುತ್ತಾರೆಯೇ? ಅಪ್ಪ ಏನೆಂದಾನು? ನಾಳೆ ಹಾಕೋಣ, ನಾಡಿದ್ದು ಹಾಕೋಣ... ಲಕೋಟೆ ಡೈರಿಯಲ್ಲೇ ಉಳಿಯಿತು. ಮರುವರ್ಷ ಆ ಯೋಜನೆಯೇ ಮುಗಿದು, ಪೆಟ್ಟಿಗೆ ಬಟ್ಟೆ ಹೊದ್ದು ಮೂಲೆ ಸೇರಿತು.

ಐದು ವರ್ಷ ಕಳೆದವು. ಬಂದ ಸಂಬಂಧಗಳನ್ನೆಲ್ಲ ಕಳಕಮ್ಮ ಒಲ್ಲೆನೆಂದಳು. ಕಾರಣ ಮಾತ್ರ ಹೇಳಲಿಲ್ಲ.

ಅವತ್ತು ತರಬೇತಿಗೆಂದು ಕೊಪ್ಪಳಕ್ಕೆ ಬಂದವಳು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಮೈಕು ಗೊರಗೊರ ಎಂದಿತು.

"ಯಲಬುರ್ಗಾ ಕಡೆ ಹೋಗುವ ಪ್ರಯಾಣಿಕರು ಗಮನಿಸಬೇಕು..."

ಮೊದಲ ಶಬ್ದಕ್ಕೇ ಆಕೆ ತಲೆಯೆತ್ತಿದಳು. ಅದೇ ಧ್ವನಿ! ಆದರೆ ಏರಿಳಿತವಿಲ್ಲ, ನಗುವಿಲ್ಲ. ಸರ್ಕಾರಿ ಕಾಗದ ಓದಿದ ಹಾಗೆ...

ಬಸ್ಸು ಹೋಯಿತು. ಆಕೆ ಏಳಲಿಲ್ಲ. ಇನ್ನೊಂದು ಬಸ್ಸೂ ಹೋಯಿತು.

"ಟೀಚರ್..."

ಕಂಟ್ರೋಲರ್ ಖೋಲಿಯಿಂದ ಖಾಕಿ ಅಂಗಿ ತೊಟ್ಟ ಗವಿಸಿದ್ದಪ್ಪ ಬಂದು ನಿಂತಿದ್ದ. ಕಿವಿಯ ಪಕ್ಕ ಒಂದೆರಡು ಬಿಳಿಕೂದಲು.

"ಯಲಬುರ್ಗಾದ ಎರಡು ಬಸ್ಸು ಬಿಟ್ರಿ. ಇನ್ನೊಂದ ಉಳದೈತಿ. ಚಹಾ ಕುಡೀತೀರೇನು?"

ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ.

"ಅವ್ವ... ಆರಾಮದಾರೇನ್ರಿ?"

"ಹೋಗಿ ನಾಲ್ಕು ವರ್ಷಾತು," ಎಂದ ಗವಿಸಿದ್ದಪ್ಪ. "ಸುಗ್ಗಿ ಮುಗದ ಮ್ಯಾಲ ನಿಮ್ಮ ಸಾಲಿಗೆ ಕರಕೊಂಡ ಬರಬೇಕು ಅಂತಿದ್ದೆ. ಅಷ್ಟರಾಗ ನಾನ ಟಿ.ವಿ. ಬಿಟ್ಟಿದ್ದೆ. ಪೆಟಗಿಯಾಗ ಒಮ್ಮೆನೂ ನೋಡಲಿಲ್ಲ ಅಕಿ ನನ್ನನ್ನ."

ಹೇಳಬೇಡ, ಎಂದಿತು ಮನಸ್ಸು. ಇಷ್ಟು ಕೇಳಿದ ಮೇಲೂ ಹೇಳಿದರೆ ಈ ಮುಖ ಮತ್ತೆ ನಿನ್ನತ್ತ ತಿರುಗೀತೇ? ಬಸ್ಸು ಬರುತ್ತದೆ, ಹತ್ತಿ ಹೋಗು... ಇಲ್ಲ. ಐದು ವರ್ಷ ಹಾಗೆಯೇ ಹೋಗಿದ್ದಾಯಿತು.

"ನೀವ ಬಿಟ್ಟಿರೇನು?" ಆಕೆಯ ಧ್ವನಿ ಸಣ್ಣದಾಯಿತು. "ಆಫೀಸಿನವರು ತಗದ್ರಂತ ತಿಳಿದಿದ್ದೆ..."

"ಒಂದ ಊರಿನ ಕಾಗದಕ್ಕ ಯಾಕ ತಲಿ ಕೆಡಿಸ್ಕೋತಿ ಅಂದ್ರು. ನಾನ ಕೇಳಲಿಲ್ಲ." ಅವನು ನೆಲ ನೋಡಿದ. "ಬ್ಯಾರೇ ಊರಿನ ಕಾಗದ ಆಗಿದ್ರ ಹರದು ಒಗೀತಿದ್ದೆ. ಕಳಕಮ್ಮ ಟೀಚರ್ ಸುಳ್ಳು ಬರೆಯೂದಿಲ್ಲ. ಮೊದಲು ನಕ್ಕ ಮಕ್ಕಳಿಗೆ ಈಗ ನನ್ನ ಧ್ವನಿ ಸಾಕಾಗೈತಿ ಅಂತ ತಿಳಕೊಂಡೆ. ಕೂಸುಗಳನ್ನ ನಗಸಾಕ ಬರಲಾರದಾಂವ ಆ ಕೆಲಸ ಯಾಕ ಮಾಡಬೇಕು?"

ಕಳಕಮ್ಮ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟಳು.

"ಸುಳ್ಳು ಬರದಿದ್ದೆ."

"ಏನ್ರಿ?"

"ನಾಲ್ಕೂ ಕಾಗದ ಸುಳ್ಳು! ಆ ಶುಕ್ರವಾರ ನೀವು ನನ್ನ ಮಾತು ಆಡುವಾಗ ಅರ್ಧಕ್ಕ ಕರೆಂಟ್ ಹೋತು. ಊರೆಲ್ಲಾ ನಕ್ಕರು. ನನ್ನನ್ನ ಊರೂರಿಗೆ ಮಾರಿಬಿಟ್ರಿ ಅಂತ ತಿಳಕೊಂಡೆ... ಸಿಟ್ಟಿಗೆ ಬರದೆ. ಉಳಿದರ್ಧ ಕೇಳೋದರೊಳಗ ಎಲ್ಲಾ ಮುಗದಿತ್ತು. ಖರೇ ಬರದ ಕಾಗದಾನೂ ಅಂಚೆಗೆ ಹಾಕಲಿಲ್ಲ, ನೌಕರಿ ಹೋಗತೈತಿ ಅಂತ... ಅಂಜಿದೆ."

ಗವಿಸಿದ್ದಪ್ಪ ಎದ್ದು ನಿಂತ. ಆಕೆ ಕಣ್ಣು ಮುಚ್ಚಿಕೊಂಡಳು. ಹೋಗುತ್ತಾನೆ. ಹೋಗಲಿ, ಅದೇ ನ್ಯಾಯ.

ಹೆಜ್ಜೆಯ ಸದ್ದಾಗಲಿಲ್ಲ. ಬದಲಿಗೆ ಬಂದ ಮಾತು ಮಗುವಿನ ಮಾತಿನ ಹಾಗಿತ್ತು.

"ಅಂದ್ರ... ಮಕ್ಕಳು ನಕ್ಕಿದ್ರೇನು?"

"ಬಿದ್ದು ಬಿದ್ದು ನಕ್ಕಿದ್ರು! ನಿಮ್ಮ ಧ್ವನಿ ಬದಲಿ ಆದ ಮ್ಯಾಲ ತಿಂಗಳಾನಗಟ್ಲೆ ಕೇಳ್ಯಾರ... ಬಾವಿಬಸ್ಯಾ ಎಲ್ಲಿ ಹೋದ ಅಂತ."

ಅವನು ಮುಖ ತಿರುಗಿಸಿಕೊಂಡು ಕಂಬಕ್ಕೆ ಕೈ ಕೊಟ್ಟ. ಭುಜಗಳು ಅಲುಗುತ್ತಿದ್ದವು. ಒಳಗಿನಿಂದ ಯಾರೋ ಕೂಗಿದರು, "ಏ ಗವಿಸಿದ್ದಪ್ಪ, ಯಲಬುರ್ಗಾ ಗಾಡಿ ನಿಂತೈತಲೋ, ಹೇಳೋ!" ಅವನು ಒಳಗೆ ಹೋದ. ಮೈಕಿನಲ್ಲಿ ಊರುಗಳ ಹೆಸರು ಒಂದೊಂದಾಗಿ ಬಂದವು. ನಡುವೆ ಒಂದು ಕಡೆ ಧ್ವನಿ ಒಡೆಯಿತು.

ಕಳಕಮ್ಮ ಚೀಲ ಎತ್ತಿಕೊಂಡಳು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಬಸ್ಸಿನ ಬಾಗಿಲಿಗೆ ಕೈ ಹಚ್ಚುವಷ್ಟರಲ್ಲಿ ಅವನು ಓಡುತ್ತಾ ಬಂದ.

"ಹಂಗ ಹೋಗತೀರೇನು? ನನ್ನದೂ ತಪ್ಪೈತಿ. ಒಮ್ಮೆ ಬಂದು ಕೇಳಬಹುದಿತ್ತು. ಬರಲಿಲ್ಲ, ಹೆದರಿದೆ. ಆದ್ರ ಅವ್ವಂದು... ಅದನ್ನ ಮರಿಯಾಕ ಆಗೂದಿಲ್ರಿ ನನಗ."

"ಮರೀಬ್ಯಾಡ್ರಿ. ನಾನೂ ಮರಿಯೂದಿಲ್ಲ. ಬೈಯ್ರಿ ನನಗ... ಸುಮ್ಮನ ನಿಂದರಬ್ಯಾಡ್ರಿ!"

"ಬೈತೀನಿ. ಐದು ವರ್ಷದ ಸಿಟ್ಟೈತಿ, ಒಂದ ದಿನಕ್ಕ ಮುಗಿಯೂದಿಲ್ಲ." ಅವನು ಕಣ್ಣೊರೆಸಿಕೊಂಡ. "ಮೊದಲ ಗಿಣಿಗೇರಾಕ್ಕ ಬರ್ರಿ. ಅವ್ವನ ಸಮಾಧಿ ಮುಂದ ಇಷ್ಟೂ ಹೇಳ್ರಿ. ಮಕ್ಕಳು ನಕ್ಕಿದ್ದೂ ಹೇಳ್ರಿ."

"ಹೇಳ್ತೀನಿ... ಆಮ್ಯಾಲ?"

"ಆಮ್ಯಾಲ ನಿಮ್ಮಪ್ಪನ ಕಡೆ ಬರತೀನಿ. ಆಮ್ಯಾಲ ದಿನಾ ಒಂದೀಟು ಬೈತೀನಿ. ಮುಪ್ಪಾಗೂತನಕ."

ಕಂಡಕ್ಟರ್ ಸೀಟಿ ಹೊಡೆದ. ಬಸ್ಸು ಅಲುಗಿತು. ಕಳಕಮ್ಮ ಅಳುತ್ತಲೇ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟಳು.

"ಇದ ಕಡೀ ಬಸ್ಸು, ಟೀಚರ್..."

"ಹೋಗಲಿ ಬಿಡ್ರಿ," ಎಂದಳು. "ಗಿಣಿಗೇರಾದ್ದು ಎಷ್ಟೊತ್ತಿಗೈತಿ?"